ಲ್ಯಾಟಿನ್ ಮೇಡಂ ಅವರ ಅರ್ಧ ವಾಕ್ಯ

ನಾನು ಎಂ.ಎ.ಗೆ ಲ್ಯಾಟಿನ್ ತೆಗೆದುಕೊಂಡದ್ದು ಒಂದೇ ಒಂದು ಕಾರಣಕ್ಕೆ: ಆ ವಿಭಾಗದ ಮೇಡಂಗೆ ಲ್ಯಾಟಿನ್ ಮಾತಾಡಲು ಬಾಯಿ ಬರುವುದಿಲ್ಲ ಎಂದು ಅಡ್ಮಿಷನ್ ಗುಮಾಸ್ತ ಪರಮಶಿವಯ್ಯ ಹೇಳಿದ್ದ.

ಆಗ ನನ್ನ ಪರಿಸ್ಥಿತಿ ಹಾಗಿತ್ತು. ಹಿಂದಿನ ತಿಂಗಳು ಕಾಲೇಜ್ ಡೇ ದಿನ ನಾನು ಪರದೆಯ ಹಿಂದೆ ಮೈಕ್ ಹಿಡಿದು, ಕನ್ನಡ ವಿಭಾಗದ ಮುಖ್ಯಸ್ಥರ ಧ್ವನಿಯಲ್ಲಿ ಸ್ವಾಗತ ಭಾಷಣ ಮಾಡಿಬಿಟ್ಟಿದ್ದೆ. ತಡವಾಗಿ ಬಂದ ಮುಖ್ಯಸ್ಥರು ಗೇಟಿನ ಹತ್ತಿರವೇ ತಮ್ಮ ಭಾಷಣ ಕೇಳಿಸಿಕೊಂಡು, ‘ಓಹೋ, ಆಗಲೇ ಮಾತಾಡಿ ಆಯಿತಲ್ಲ’ ಎಂದು ಅರ್ಧ ದಾರಿ ವಾಪಸ್ ಹೋಗಿದ್ದರಂತೆ. ಆಮೇಲೆ ಹೊಳೆದಿದೆ. ಅಂದಿನಿಂದ ಯಾವ ವಿಭಾಗದ ಬಾಗಿಲಿಗೆ ಹೋದರೂ "ಸೀಟು ಭರ್ತಿ" ಎನ್ನುತ್ತಿದ್ದರು. ಎನ್ನುವಾಗಲೂ ನನಗೆ ಸಿಗದಿರಲಿ ಎಂದು ತಮ್ಮ ಧ್ವನಿಯನ್ನು ಕೊಂಚ ಬದಲಾಯಿಸಿಕೊಂಡೇ ಎನ್ನುತ್ತಿದ್ದರು. ಕೊನೆಗೆ ಪರಮಶಿವಯ್ಯ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ತಿಪ್ಪೇಶಿ, ಲ್ಯಾಟಿನ್ ಒಂದು ಖಾಲಿ ಐತೆ. ಒಂಬತ್ತು ವರ್ಷದಿಂದ ಖಾಲಿನೇ. ಅಲ್ಲಿ ನೀನು ಯಾರ ದನಿ ಅಣಕಿಸ್ತೀಯೋ ನಾನೂ ನೋಡ್ತೀನಿ. ಆಯಮ್ಮಂಗೆ ಆ ಭಾಷೇಲಿ ದನಿನೇ ಇಲ್ಲ" ಎಂದ. ಮಾತಿಲ್ಲದ ಮೇಡಂ, ಪಾಠವಿಲ್ಲದ ಕ್ಲಾಸು, ಎರಡು ವರ್ಷ ನಿದ್ದೆ. ಅಲ್ಲೇ ನಿಂತು ಅರ್ಜಿ ತುಂಬಿಕೊಟ್ಟೆ.

ನಮ್ಮೂರಿನ ಪದ್ಧತಿ ಗೊತ್ತಿಲ್ಲದವರು ಇದನ್ನು ಓದುತ್ತಿದ್ದರೆ ಇಷ್ಟು ತಿಳಿದಿರಲಿ. ಇಲ್ಲಿ ಯಾವುದೇ ಭಾಷೆ ಬಾಯಿಂದ ಹೊರಡಬೇಕಾದರೆ ಅದನ್ನು ಬಲ್ಲವರು ಊರೊಳಗೆ ಇಬ್ಬರಾದರೂ ಇರಬೇಕು. ಒಬ್ಬರೇ ಉಳಿದರೆ ತುಟಿ ಅಲ್ಲಾಡುತ್ತದೆ, ಉಸಿರು ಹೊರಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ. ಹೆಣ್ಣು ನೋಡಲು ಹೋದವರು ಮೊದಲು ಕೇಳುವುದು, "ನಿಮ್ಮ ಮನೆ ಭಾಷೆಗೆ ಜೋಡಿ ಗಟ್ಟಿಯಾಗಿದೆಯಾ?" ಎಂದು. ಬಾಯಿಪಾಠ ಲೆಕ್ಕಕ್ಕಿಲ್ಲ. ಚರ್ಚಿನ ಫಾದರ್‌ಗೆ ನಾಲ್ಕು ಲ್ಯಾಟಿನ್ ಪ್ರಾರ್ಥನೆ ಬಾಯಿಗೆ ಬರುತ್ತಿತ್ತು, ಕಿವಿಗೆ ಬರುತ್ತಿರಲಿಲ್ಲ. ಮೌನಪ್ರಾರ್ಥನೆ ಎಂದುಕೊಂಡು ಭಕ್ತರು ಇನ್ನಷ್ಟು ಗಾಢವಾಗಿ ತಲೆ ಬಗ್ಗಿಸುತ್ತಿದ್ದರು. ಸಂಸ್ಕೃತ ವಿಭಾಗದ ಶಾಸ್ತ್ರಿಗಳು ಮಾತ್ರ, "ನಮಗೆ ಆ ಭಯ ಇಲ್ಲ. ಒಬ್ಬನೇ ಉಳಿದರೂ ಇನ್ನೊಬ್ಬ ಮೇಲೆ ಕೂತಿದ್ದಾನೆ" ಎಂದು ಛಾವಣಿ ತೋರಿಸುತ್ತಿದ್ದರು. ಛಾವಣಿಯ ಮೇಲೆ ನೀರಿನ ಟ್ಯಾಂಕ್ ಇತ್ತು.

ಹೀಗಾಗಿ ನಮ್ಮಲ್ಲಿ ಸಾವಿನ ಸುದ್ದಿ ತರುವುದಕ್ಕೆ ಎಷ್ಟೋ ಸಲ ಆಳು ಬೇಕಾಗುವುದಿಲ್ಲ. ಮಾತಾಡುತ್ತಿದ್ದವರ ಮಾತು ನಡುವೆಯೇ ನಿಂತುಹೋದರೆ, ಇನ್ನೊಂದು ತುದಿಯಲ್ಲಿ ಜೋಡಿ ಹೋಯಿತು ಎಂದೇ ಅರ್ಥ. "ಅವರ ಮಾತು ಕಡೀತಂತೆ" ಎಂದು ಊರಿನವರು ಹೇಳುವುದು ಇದಕ್ಕೇ. ನಮ್ಮ ಅವ್ವನ ಮಾತು ಕಡಿದದ್ದು ನಾನು ಆರನೇ ಕ್ಲಾಸಿನಲ್ಲಿದ್ದಾಗ. ಅವ್ವ, ದೊಡ್ಡವ್ವ ಇಬ್ಬರೂ ಬಳೆ ಮಲಾರ ಹೊತ್ತು ಎಲ್ಲಿಂದಲೋ ಈ ಊರಿಗೆ ಬಂದವರು. ಅವರಿಬ್ಬರ ನಡುವೆ ಒಂದು ಭಾಷೆ ಇತ್ತು. ಬಳೆಗೆ ಬಳೆ ತಾಗಿದ ಹಾಗೆ ಕೇಳಿಸುತ್ತಿತ್ತು. ನಾನು ಕಲಿಯಲು ಹೋದರೆ, "ನಿನಗ್ಯಾಕ್ಲಾ ಅದು? ಬೀದಿ ಸುತ್ತೋರ ಭಾಷೆ. ನೀನು ಓದು" ಎಂದು ಅವ್ವ ಗದರಿಸುತ್ತಿದ್ದಳು. ದೊಡ್ಡವ್ವ ಹೋದಳು. ಆಮೇಲೆ ಅವ್ವ ಕನ್ನಡದಲ್ಲಿ ಬೈದಳು, ಕನ್ನಡದಲ್ಲಿ ಬಳೆ ಮಾರಿದಳು. ನನ್ನನ್ನು ಮಲಗಿಸುತ್ತಿದ್ದ ಹಾಡು ಮಾತ್ರ ಕನ್ನಡದಲ್ಲಿ ಇರಲಿಲ್ಲ.

ಮಾತಿಲ್ಲದ ಮೇಡಂ ಎಂಬ ನನ್ನ ಕನಸು ಮೊದಲ ದಿನವೇ ಒಡೆಯಿತು. ಮಂದಾಕಿನಿ ಮೇಡಂಗೆ ಇಲ್ಲದ್ದು ಲ್ಯಾಟಿನ್ ಬಾಯಿ ಅಷ್ಟೇ. ಕನ್ನಡದ ಬಾಯಿ ಎರಡಾಳಿನಷ್ಟಿತ್ತು. ಐವತ್ತೇಳು ವರ್ಷ, ಗಂಜಿ ಹಾಕಿದ ಹತ್ತಿ ಸೀರೆ, ಬಲಗೈಯ ಐದೂ ಬೆರಳು ಚಾಕ್‌ಪೀಸಿನಿಂದ ಬೆಳ್ಳಗೆ. ಒಂಬತ್ತು ವರ್ಷ ವಿದ್ಯಾರ್ಥಿಗಳಿಲ್ಲದೆ ಖಾಲಿ ಬೆಂಚುಗಳ ಮುಂದೆ ದಿನಾ ಬಂದು ಹಲಗೆ ತುಂಬಿಸಿ, ಒರೆಸಿ ಹೋಗಿದ್ದರು. ಮೂಲೆಯಲ್ಲಿ ಒಂದು ಗ್ರಾಮಫೋನ್. ಅದರ ಮೇಲೆ ಲ್ಯಾಟಿನ್ ಕಾವ್ಯದ ತಟ್ಟೆ ಇಟ್ಟರೆ ಸುಮ್ಮನೆ ತಿರುಗುತ್ತಿತ್ತು, ಎಣ್ಣೆ ಇಲ್ಲದ ಗಾಣದ ಹಾಗೆ.

"ಹೆಸರೇನು?" ಎಂದರು.

"ತಿಪ್ಪೇಶಿ, ಮೇಡಂ."

"ಹಾಗೇ ಇದ್ದರೆ ವಿಭಕ್ತಿ ಹತ್ತೋದಿಲ್ಲ. ಬಾಲ ಅಂಟಿಸಬೇಕು" ಎಂದು ಹಲಗೆಯ ಮೇಲೆ ಬರೆದರು: ‘ತಿಪ್ಪೇಸಿಯುಸ್’.

"ಬಾಲ ಹುಟ್ಟಿದಾಗಿನಿಂದ ಇದೆಯಂತೆ ಮೇಡಂ. ನಮ್ಮವ್ವ ದಿನಾ ಹೇಳ್ತಾಳೆ."

"ಹಾಗಾದರೆ ಕತ್ತರಿಸೋದೂ ಗೊತ್ತು. ಕೂತ್ಕೋ. ಕರೆಯುವಾಗ ಮಾತ್ರ ಆ ಬಾಲ ಬಿದ್ದುಹೋಗುತ್ತೆ. ಆಗ ನೀನು…" ಎಂದು ಬಾಲ ಒರೆಸಿದರು: ‘ತಿಪ್ಪೇಸೀ’.

ಪಾಠವೆಲ್ಲ ಹಲಗೆಯ ಮೇಲೆ, ಉಚ್ಚಾರಣೆ ಕನ್ನಡ ಅಕ್ಷರದಲ್ಲಿ. ಅಮೋ, ಅಮಾಸ್, ಅಮತ್ ಎಂದು ಬರೆದು, ಪಕ್ಕದಲ್ಲಿ ಪ್ರೀತಿಸುತ್ತೇನೆ, ಪ್ರೀತಿಸುತ್ತೀ, ಪ್ರೀತಿಸುತ್ತಾನೆ ಎಂದು ಬರೆದರು. "ಎಲ್ಲಾ ಅಮಾಸೆಯೇ ಆಯ್ತಲ್ಲ ಮೇಡಂ, ಹುಣ್ಣಿಮೆ ಯಾವಾಗ?" ಎಂದೆ. "ಪರೀಕ್ಷೆ ದಿನ ಗ್ರಹಣ ತೋರಿಸ್ತೀನಿ, ಬರ್ಕೋ" ಎಂದರು. ಬಾಯಿ ಹೇಗೆ ತೆರೆಯಬೇಕು, ನಾಲಿಗೆ ಎಲ್ಲಿಡಬೇಕು ಎಂದು ತೋರಿಸಲು ಅವರು ತುಟಿ ಅಲ್ಲಾಡಿಸುತ್ತಿದ್ದರು, ನಾನೂ ಅಲ್ಲಾಡಿಸುತ್ತಿದ್ದೆ. ಕಾರಿಡಾರಿನಲ್ಲಿ ಹೋಗುವವರು ತೊಟ್ಟಿಯಲ್ಲಿ ಎರಡು ಮೀನು ಎದುರುಬದುರು ನಿಂತಂತೆ ಕಾಣುವ ನಮ್ಮನ್ನು ಕಿಟಕಿಯಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಪ್ರತಿ ದಿನದ ಪಾಠ ಒಂದೇ ಸಾಲಿನಿಂದ ಶುರು. ಹಲಗೆಯ ಎಡಮೂಲೆಯಲ್ಲಿ ಮೇಡಂ ಹೀಗೆ ಬರೆಯುತ್ತಿದ್ದರು: ‘ತ್ರಿಗಿಂತಾ ಅನ್ನೀಸ್ ನೇ ಊನೋ ಕ್ವಿದೆಮ್ ದಿಯೇ ತೂ…’ ಮೂವತ್ತು ವರ್ಷದಲ್ಲಿ ಒಂದೇ ಒಂದು ದಿನವೂ ನೀನು… ಅಷ್ಟೇ. ಅದನ್ನು ನಾನು ಪೂರ್ತಿ ಮಾಡಬೇಕು. ಮಾಡಿದೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ದಿನವೂ ನೀನು ಹಲ್ಲುಜ್ಜಲಿಲ್ಲ. ನೀನು ಆನೆಗೆ ಸ್ನಾನ ಮಾಡಿಸಲಿಲ್ಲ. ನೀನು ಎರವಲು ತಂದ ಕೊಡೆ ವಾಪಸ್ ಕೊಡಲಿಲ್ಲ. ಮೇಡಂ ನಗದೆ, ಬೇಸರಪಡದೆ ತಪ್ಪುಗಳನ್ನು ತಿದ್ದಿ, ನನ್ನ ಅರ್ಧವನ್ನು ಒರೆಸಿ ತಮ್ಮ ಅರ್ಧವನ್ನು ಹಾಗೇ ಬಿಡುತ್ತಿದ್ದರು. ಅದು ವ್ಯಾಕರಣದ ಕಸರತ್ತು ಎಂದೇ ನಾನು ತಿಳಿದಿದ್ದೆ.

ಆ ವರ್ಷದ ಕೊನೆಗೆ ನಾನೊಂದು ಹಲ್ಕಾ ಕೆಲಸ ಮಾಡಿದೆ. ಮೇಡಂ ಅವರ ಯಜಮಾನರು ಕೃಪಾನಿಧಿ ಮೇಷ್ಟ್ರು ಅದೇ ವಿಭಾಗದಲ್ಲಿದ್ದವರು, ತೀರಿಕೊಂಡಿದ್ದರು. ನಮ್ಮ ಶಾಲೆಗೆ ವರ್ಷಾ ವರ್ಷ ಬಹುಮಾನ ಕೊಡಲು ಬರುತ್ತಿದ್ದರು. ಕೃಪೆಯೂ ಇಲ್ಲ, ನಿಧಿಯೂ ಇಲ್ಲ, ಬರೀ ಪೆನ್ಸಿಲ್ ಕೊಡುತ್ತಾರೆ ಎಂದು ನಾವು ನಗುತ್ತಿದ್ದೆವು. ಆ ಮೂಗಿನಿಂದ ಬರುವ ದಪ್ಪ ಧ್ವನಿ ನನಗೆ ಚೆನ್ನಾಗಿ ನೆನಪಿತ್ತು. ಒಂದು ಬೆಳಗ್ಗೆ ಬಾಗಿಲ ಹಿಂದೆ ನಿಂತು, ಅದೇ ಧ್ವನಿಯಲ್ಲಿ, ಕನ್ನಡದಲ್ಲೇ, "ಮಂದಾಕಿನೀ, ಕೊಡೆ ಎಲ್ಲಿಟ್ಟೆ?" ಎಂದೆ.

ಹಲಗೆಯ ಮೇಲೆ ಓಡುತ್ತಿದ್ದ ಚಾಕ್‌ಪೀಸ್ ನಿಂತಿತು. ಅವರು ತಿರುಗಲಿಲ್ಲ. "ಬಂದೆ" ಎಂದರು, ಸಣ್ಣದಾಗಿ. ಆಮೇಲೆ ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಚೀಲ ತೆಗೆದುಕೊಂಡು ಮನೆಗೆ ಹೋದರು.

ಪರಮಶಿವಯ್ಯ ನನ್ನನ್ನು ಕ್ಯಾಂಟೀನಿನ ಹಿಂದಕ್ಕೆ ಎಳೆದುಕೊಂಡು ಹೋದ. "ನಿನ್ನ ಬಾಯಿಗೆ ಬೀಗ ಹಾಕ. ಆಯಮ್ಮ ದಿನಾ ಬೋರ್ಡ್ ಮ್ಯಾಲೆ ಬರೆಯೋದು ಏನಂದ್ಕಂಡಿದ್ದೀಯ?" ಎಂದು ಕೇಳಿ, ಉತ್ತರವನ್ನೂ ಅವನೇ ಹೇಳಿದ. ಗಂಡ ಹೆಂಡತಿ ಜಗಳವಾಡುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಅಕ್ಕಪಕ್ಕದವರಿಗೆ ತಿಳಿಯದಿರಲಿ ಎಂದಲ್ಲ. ಕನ್ನಡದಲ್ಲಿ ಗಂಡನಿಗೆ ‘ನೀವು’ ಅನ್ನಬೇಕು, ಲ್ಯಾಟಿನ್ನಿನಲ್ಲಿ ಹೆಂಡತಿಗೂ ಗಂಡನಿಗೂ ರಾಜನಿಗೂ ಒಂದೇ ‘ತೂ’. ‘ನೀವು’ ಎಂದುಕೊಂಡು ಯಾರಿಗೆ ಸರಿಯಾಗಿ ಜಗಳ ಆಡಲಾಗುತ್ತದೆ? ಒಂದು ಗುರುವಾರ ಮಧ್ಯಾಹ್ನ ಮೇಷ್ಟ್ರು ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದರು. ಮೇಡಂ ಅಡುಗೆಮನೆಯಲ್ಲಿ ಒಗ್ಗರಣೆ ಸೌಟು ಹಿಡಿದು ಕೂಗಿದರು: "ಮೂವತ್ತು ವರ್ಷದಲ್ಲಿ ಒಂದೇ ಒಂದು ದಿನವೂ ನೀನು…" ಅಲ್ಲಿಗೆ ಧ್ವನಿ ನಿಂತಿತು. ಮೇಡಂ ಹಿತ್ತಲಿಗೆ ಓಡಲಿಲ್ಲವಂತೆ. ಒಲೆ ಆರಿಸಿ, ಸೌಟು ಕೆಳಗಿಟ್ಟು, ನಿಧಾನವಾಗಿ ನಡೆದುಕೊಂಡು ಹೋದರಂತೆ. ಏನಾಗಿದೆ ಎಂದು ಗೊತ್ತಿತ್ತಲ್ಲ.

"ಆ ಮಾತು ಇನ್ನೂ ಆಯಮ್ಮನ ಗಂಟಲಾಗೇ ಐತೆ. ನೀನು ಅದಕ್ಕೆ ಆನೆ ಸ್ನಾನ ಮಾಡಿಸ್ತಿದ್ದೀಯ" ಎಂದ ಪರಮಶಿವಯ್ಯ.

ಮರುದಿನ ಮೇಡಂ ಏನೂ ಆಗಿಲ್ಲವೆಂಬಂತೆ ಬಂದರು. ಎಡಮೂಲೆಯಲ್ಲಿ ಅದೇ ಸಾಲು ಬರೆದರು. ನಾನು ಚಾಕ್‌ಪೀಸ್ ಮುಟ್ಟಲಿಲ್ಲ. ತಲೆ ತಗ್ಗಿಸಿಯೇ, "ಸೇತುವೆ ದಾಟಿ ಊರಾಚೆ ಹೋದರೆ ಬಾಯಿ ಬರುತ್ತಲ್ಲ ಮೇಡಂ?" ಎಂದು ಕೇಳಿದೆ. "ಹೋಗಿದ್ದೆ ಒಂದ್ಸಲ. ಒಂದು ಪದ್ಯ ಪೂರ್ತಿ ಹೇಳಿದೆ. ಸುಂಕದ ಕಟ್ಟೆಯವನು, ‘ಏನಮ್ಮ, ಶಾಪ ಹಾಕ್ತಿದೀರಾ?’ ಅಂದ" ಎಂದರು. "ಈ ಮಾತನ್ನ ಅಲ್ಲಿ ಹೇಳಲಿಲ್ಲ. ಮನೆ ಜಗಳ ಯಾರಾದರೂ ಊರಾಚೆ ಹೋಗಿ ಮುಗಿಸ್ತಾರೇನೋ?" ಚಾಕ್‌ಪೀಸ್ ಕೆಳಗಿಟ್ಟು ಹೇಳಿದರು: "ಆ ದಿನ ಹೇಳಬೇಕು ಅಂತಿದ್ದದ್ದು ಒಳ್ಳೆ ಮಾತಲ್ಲ ತಿಪ್ಪೇಶಿ. ಅದಕ್ಕೇ ಒಳ್ಳೇ ಕೊನೆಗಳನ್ನ ಬರೆದು ಇಟ್ಟುಕೊಂಡಿದ್ದೀನಿ. ಎರಡು ನೋಟ್‌ಬುಕ್ ತುಂಬ. ಬಾಯಿ ಬಂದ ದಿನ ಅದರಲ್ಲಿ ಒಂದನ್ನ ಆರಿಸಿ ಹೇಳ್ತೀನಿ."

ಅಲ್ಲಿಂದ ನನ್ನ ಓದು ಶುರುವಾಯಿತು ಎನ್ನಬೇಕು. ಹಗಲು ಹಲಗೆ, ಸಂಜೆ ಲೈಬ್ರರಿ, ಬಸ್ಸಿನಲ್ಲಿ ಕ್ರಿಯಾಪದ, ಸಾಲಿನಲ್ಲಿ ನಿಂತರೆ ವಿಭಕ್ತಿ. ಎರಡು ಸಾವಿರ ವರ್ಷದ ಹಿಂದಿನ ಜನ ಸಾಲ ಕೊಟ್ಟವನನ್ನು, ಕೈಕೊಟ್ಟ ಗೆಳತಿಯನ್ನು, ಕೆಟ್ಟ ಕವಿಯನ್ನು ಹೇಗೆಲ್ಲ ಬೈದಿದ್ದಾರೆ ಎಂದು ಓದಿದಾಗ, ಅಯ್ಯೋ ಇವರು ನಮ್ಮ ಬೀದಿಯವರೇ ಅನ್ನಿಸಿತು. ಆದರೆ ಕಿವಿ ಹಸಿದಿತ್ತು. ದೋಸೆಯ ವರ್ಣನೆಯನ್ನು ನೂರು ಪುಟ ಓದಿ ದೋಸೆ ತಿನ್ನದವನ ಹಾಗೆ ಆಗಿದ್ದೆ. ಯಾರ ಧ್ವನಿಯನ್ನಾದರೂ ಒಂದು ಸಲ ಕೇಳಿದರೆ ಹಿಡಿದುಬಿಡುವ ನನಗೆ ಕೇಳಲು ಒಂದು ಧ್ವನಿಯೂ ಇಲ್ಲದ ಭಾಷೆ ಅದು. ಬೆಳಗ್ಗೆ ಎದುರಾದೊಡನೆ ಮೇಡಂ ‘ಸಾಲ್ವೇ’ ಎಂದು ತುಟಿ ತೆರೆಯುತ್ತಿದ್ದರು, ನಮಸ್ಕಾರ ಎಂದು. ಸದ್ದಿಲ್ಲ. ನಾನೂ ತೆರೆಯುತ್ತಿದ್ದೆ. ಸದ್ದಿಲ್ಲ. ಇಬ್ಬರೂ ಒಂದು ಗಳಿಗೆ ಕಾದು, ಆಮೇಲೆ ಕನ್ನಡದಲ್ಲಿ "ತಿಂಡಿ ಆಯ್ತಾ?" ಎಂದು ಕೇಳಿಕೊಳ್ಳುತ್ತಿದ್ದೆವು.

ಎರಡನೇ ವರ್ಷದ ಸಂಕ್ರಾಂತಿ ಕಳೆದ ಮೇಲೆ ರಿಜಿಸ್ಟ್ರಾರ್ ಕಚೇರಿಯಿಂದ ಪತ್ರ ಬಂತು. ಮಾರ್ಚ್ ಕೊನೆಗೆ ಮೇಡಂ ನಿವೃತ್ತಿ, ಅಲ್ಲಿಗೆ ವಿಭಾಗ ಮುಚ್ಚುವುದು, ಕೊಠಡಿ ಗೃಹವಿಜ್ಞಾನಕ್ಕೆ. ಪತ್ರ ಮಡಚಿ ಪುಸ್ತಕದೊಳಗಿಟ್ಟು ಮೇಡಂ ನನ್ನ ಪ್ರಬಂಧ ತಿದ್ದಲು ಕೂತರು. ಒಂದು ತಪ್ಪೂ ಇರಲಿಲ್ಲ. ನನಗೆ ಸಿಟ್ಟು ಬಂತು. "ಎಲ್ಲಾ ಬರುತ್ತಲ್ಲ ಮೇಡಂ ನನಗೆ! ಇನ್ನೂ ಯಾಕೆ ಬಾಯಿ ತೆರೀತಿಲ್ಲ?"

"ನಿನಗೆ ಎಲ್ಲಾ ಬರುತ್ತೆ. ನೀನೇ ಬರ್ತಾ ಇಲ್ಲ" ಎಂದರು. "ಇದು ಆ ಕವಿ ಬರೆದ ಹಾಗಿದೆ, ಇದು ಆ ವಾಗ್ಮಿ ಹೇಳಿದ ಹಾಗಿದೆ. ನಿನ್ನ ಮಿಮಿಕ್ರಿ ಚೆನ್ನಾಗಿದೆಯಪ್ಪ. ನಿನಗೆ ಈ ಭಾಷೆಯಲ್ಲಿ ಹೇಳಬೇಕಾದ್ದು ಏನಾದರೂ ಇದೆಯಾ?"

ಇರಲಿಲ್ಲ. ಅದೇ ತೊಂದರೆ.

ಒಂದು ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೆ, ಅಭ್ಯಾಸದಂತೆ ತುಟಿ ಅಲ್ಲಾಡಿಸುತ್ತ. ಅವ್ವ ಎದುರಿಗೆ ಗಾಜಿನ ಬಳೆಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ದಾರಕ್ಕೆ ಪೋಣಿಸುತ್ತಿದ್ದಳು. ತಲೆಯೆತ್ತಿದರೆ ಅವಳ ತುಟಿಯೂ ಅಲ್ಲಾಡುತ್ತಿತ್ತು. ತಾಳ ಗೊತ್ತಾಗುತ್ತಿತ್ತು, ಅದೇ ಹಾಡು. ನಾನು ನೋಡಿದ್ದು ಕಂಡು ನಾಚಿಕೊಂಡು ನಿಲ್ಲಿಸಿದಳು.

"ನಿಮ್ಮ ಮೇಡಮ್ಮ ಪುಣ್ಯವಂತೆ ಕಣ್ಲಾ" ಎಂದಳು.

"ಯಾಕವ್ವಾ?"

"ಆಯಮ್ಮನ ಭಾಷೆಗೆ ಅಕ್ಷರ ಐತೆ. ಬಾಯಿ ಹೋದ್ರೂ ಹಲಗೆ ಮ್ಯಾಲೆ ಬರದು ನಿನಗೆ ಕಲಿಸ್ತು. ನಂದು ನಾನು ಎಲ್ಲಿ ಬರೀಲಿ?" ಬಳೆಯ ದಾರಕ್ಕೆ ಗಂಟು ಹಾಕಿದಳು. "ನೀನು ಕೇಳಿದಾಗ ಕಲಿಸಬೇಕಾಗಿತ್ತು. ಬೈದೆ."

ಮರುದಿನ ಬೇಗ ಹೋದೆ. ಕೊಠಡಿಯಲ್ಲಿ ಯಾರೂ ಇರಲಿಲ್ಲ. ಸೋಮವಾರ ಮೇಡಂ ತರಕಾರಿ ಕೊಂಡು ಬರುವ ದಿನ. ಅವರ ಅರ್ಧ ವಾಕ್ಯ ಎಡಮೂಲೆಯಲ್ಲಿತ್ತು. ನಾನು ಬಲಮೂಲೆಯಲ್ಲಿ, ಯಾವ ಕವಿಯನ್ನೂ ನೆನೆಯದೆ, ಮೂರು ಪದ ಬರೆದೆ. ‘ಮಾತೆರ್ ಮೆಆ ತಕೆತ್.’ ನನ್ನ ಅವ್ವ ಮೌನವಾಗಿದ್ದಾಳೆ. ಒಂದನೇ ಪಾಠದ ಮಗುವೂ ಬರೆಯಬಹುದಾದ ವಾಕ್ಯ. ಅದನ್ನು ಓದಿಕೊಳ್ಳುತ್ತ ತುಟಿ ಅಲ್ಲಾಡಿಸಿದೆ. ಕೊಠಡಿಯಲ್ಲಿ ಯಾರೋ ಮಾತಾಡಿದರು.

ಹೆದರಿ ಹಿಂದೆ ತಿರುಗಿದೆ. ಯಾರೂ ಇಲ್ಲ. ಮತ್ತೆ ಹೇಳಿದೆ. ತೆಳ್ಳನೆಯ, ಸ್ವಲ್ಪ ಒಡಕು ಧ್ವನಿ. ಮುಖ್ಯಸ್ಥರದಲ್ಲ, ಮೇಷ್ಟರದಲ್ಲ, ಪರಮಶಿವಯ್ಯನದಲ್ಲ. ಇಪ್ಪತ್ತಮೂರು ವರ್ಷದಲ್ಲಿ ನಾನು ಅಣಕಿಸದೇ ಬಿಟ್ಟಿದ್ದ ಒಂದೇ ಒಂದು ಧ್ವನಿ. ಗ್ರಾಮಫೋನಿನ ಕೀಲಿ ತಿರುಗಿಸಿ ಮುಳ್ಳು ಇಟ್ಟೆ. ಯಾರೋ ಗಂಡಸು ಕೆರೆದ ಗಂಟಲಲ್ಲಿ ಪದ್ಯ ಹೇಳತೊಡಗಿದ. ಆಗ ನೆನಪಾಯಿತು: ನನಗೆ ಬಾಯಿ ಬಂದಿದೆ ಎಂದರೆ ಅವರಿಗೂ ಬಂದಿರಬೇಕು. ಮಾರ್ಕೆಟ್ಟಿನ ಕಡೆಗೆ ಓಡಿದೆ.

ಗೇಟಿನ ಹತ್ತಿರವೇ ಎದುರಾದರು. ಮೇಡಂ ಮುಂದೆ, ಹಿಂದೆ ಬುಟ್ಟಿ ಸಮೇತ ತರಕಾರಿ ಚೌಡಮ್ಮ. ಚೌಡಮ್ಮ ನನ್ನನ್ನು ನೋಡಿದ್ದೇ, "ನೀವಾದ್ರೂ ಹೇಳ್ರಿ ಸ್ವಾಮಿ! ಮೇಡಮ್ಮ ದಿನಾ ತುಟಿ ಅಲ್ಲಾಡಿಸ್ಕಂಡು ಬತ್ತಿದ್ರು, ಇವತ್ತು ನನ್ನ ಬದನೆಕಾಯಿ ಕೈಯಾಗಿಟ್ಕಂಡು ಮಾರ್ಕೆಟ್ಟೇ ನಡುಗೋ ಹಂಗೆ ಏನೋ ಕಿರುಚಿದ್ರು. ನನ್ನ ಬದನೆಕಾಯಾಗೆ ಹುಳ ಇಲ್ಲ, ಆಣೆ!" ಎಂದಳು. ಮೇಡಂ ಅವಳ ಭುಜ ತಟ್ಟಿ, "ನಿನಗಲ್ಲ ಚೌಡಮ್ಮ, ನಮ್ಮ ಮನೆಯವರಿಗೆ" ಎಂದರು. "ಓ, ಅಂಗಾ" ಎಂದು ಚೌಡಮ್ಮ ನಿರಾಳವಾಗಿ ಬುಟ್ಟಿ ಎತ್ತಿಕೊಂಡು ಹೋದಳು.

"ತಿಪ್ಪೇಸೀ" ಎಂದರು ಮೇಡಂ. ಬಾಲ ಬಿದ್ದುಹೋಗಿತ್ತು. "ಸಾಲ್ವೇ."

"ಸಾಲ್ವೇ" ಎಂದೆ. ಎರಡು ವರ್ಷ ಹಸಿದವರು ಎಲೆಯ ಮುಂದೆ ಕೂತು ಯಾವುದನ್ನು ಮೊದಲು ಮುಟ್ಟುವುದೆಂದು ನೋಡುವ ಹಾಗೆ ನಿಂತೆವು. ಕೊನೆಗೆ ನಾನೇ ಕನ್ನಡದ ಗೋಡೆ ಹಿಡಿದು ಕೇಳಿದೆ: "ನೋಟ್‌ಬುಕ್ಕಿನಲ್ಲಿದ್ದ ಯಾವ ಕೊನೆ ಹೇಳಿದಿರಿ ಮೇಡಂ?"

ಮೇಡಂ ಕಲ್ಲುಬೆಂಚಿನ ಮೇಲೆ ಕೂತು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು. "ಆರಿಸೋಕೆ ಬಿಡುವೇ ಸಿಗಲಿಲ್ಲವೋ. ಹಳೇದೇ ಬಂದುಬಿಡ್ತು! ಹಲ್ಲಿನ ಹಿಂದೆ ಕಾದು ನಿಂತಿತ್ತಲ್ಲ, ಬಾಗಿಲು ತೆಗೆದ ತಕ್ಷಣ ಎಲ್ಲರನ್ನೂ ನೂಕಿಕೊಂಡು ಹೊರಗೆ. ‘ಮೂವತ್ತು ವರ್ಷದಲ್ಲಿ ಒಂದೇ ಒಂದು ದಿನವೂ ನೀನು ತಪ್ಪಾಯ್ತು ಅಂತ ಒಪ್ಪಿಕೊಳ್ಳಲಿಲ್ಲ!’ ಹನ್ನೊಂದು ವರ್ಷ ಒಳ್ಳೇ ಮಾತು ಪೋಣಿಸಿದ್ದೇ ಬಂತು." ಸೆರಗಿನಿಂದ ಮುಖ ಒರೆಸಿಕೊಂಡರು. "ಇರಲಿ. ಅದೇ ಅವರಿಗೆ ಸೇರಬೇಕಾದ್ದು. ಉಳಿದವೆಲ್ಲ ನನಗೆ ನಾನೇ ಹೇಳಿಕೊಂಡ ಸಮಾಧಾನ."

ನನಗೆ ಏನಾದರೂ ಕೊಡಬೇಕೆನ್ನಿಸಿತು. ಮೇಷ್ಟರ ಧ್ವನಿ ನನ್ನಲ್ಲಿತ್ತು, ಭಾಷೆಯೂ ಈಗ ಇತ್ತು. ‘ಎರ್ರಾವೀ’ ಎಂಬ ಒಂದು ಪದ ಸಾಕು, ತಪ್ಪಾಯಿತು ಎಂದು. ಮೂಗು ಬಿಗಿದು, ಎದೆಯುಬ್ಬಿಸಿ, ಆ ದಪ್ಪ ಧ್ವನಿ ಎಳೆದು ಬಾಯಿ ತೆರೆದೆ. ಸದ್ದು ಬರಲಿಲ್ಲ. ಮತ್ತೊಮ್ಮೆ ತೆರೆದೆ. ಇಲ್ಲ. ನಾನೇನು ಮಾಡುತ್ತಿದ್ದೇನೆಂದು ಮೇಡಂಗೆ ಗೊತ್ತಾಯಿತು. ಬೇಡ ಎನ್ನುವಂತೆ ಬಿಳಿ ಬೆರಳುಗಳ ಕೈ ಎತ್ತಿದರು. ಆಗ ಬಾಗಿಲ ಹಿಂದಿನ ಆ ಬೆಳಗ್ಗೆ ನೆನಪಾಗಿ, ನನ್ನದೇ ಒಡಕು ಧ್ವನಿಯಲ್ಲಿ ನನ್ನದೇ ತಪ್ಪಿಗೆ "ಎರ್ರಾವೀ" ಎಂದೆ. ಅದು ಬಂತು. ಮೇಡಂ ಎತ್ತಿದ ಕೈ ಇಳಿಸಿ, "ಉಚ್ಚಾರಣೆ ಸರಿಯಾಗಿದೆ" ಎಂದರು.

ಅಂದು ಸಂಜೆ ಅವ್ವನಿಗೆ ಆ ಮೂರು ಪದ ಹೇಳಿ ಅರ್ಥ ಹೇಳಿದೆ. "ಯಾರ್ಲಾ ಮೌನವಾಗಿರೋಳು?" ಎಂದು ರೇಗಿದಳು. ಆಮೇಲೆ ಒಳಗೆ ಹೋಗಿ, ಅಲ್ಲಿಂದಲೇ, "ಇನ್ನೊಂದು ಕಿತ ಹೇಳು" ಎಂದಳು.

ವಿಭಾಗ ಮುಚ್ಚಿತು. ಕೊಠಡಿಯಿಂದ ಈಗ ಕೇಕಿನ ವಾಸನೆ ಬರುತ್ತದೆ. ಲ್ಯಾಟಿನ್ ಎಂ.ಎ.ಗೆ ಊರಲ್ಲಿ ಯಾವ ಕೆಲಸ ಕಾದಿತ್ತು? ನನ್ನ ಗಂಟಲು ನೋಡಿ ಬಸ್ ಸ್ಟ್ಯಾಂಡಿನವರು ಕರೆದರು. ಬಸ್ಸುಗಳ ಹೊತ್ತು ಕೂಗುವ ಮೈಕ್ ನನ್ನದಾಯಿತು. ಮೇಡಂ ಮನೆ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ನಮ್ಮ ಧ್ವನಿವರ್ಧಕ ಅವರ ಅಡುಗೆಮನೆಗೆ ನೇರ ಕೇಳುತ್ತಿತ್ತು. ಮಧ್ಯಾಹ್ನ ಹನ್ನೆರಡೂ ಮುಕ್ಕಾಲರ ಬಸ್ ಕೂಗಿದ ಮೇಲೆ ದಿನಾ ಒಂದು ಲ್ಯಾಟಿನ್ ವಾಕ್ಯ ಸೇರಿಸುತ್ತಿದ್ದೆ. ಪ್ರಯಾಣಿಕರು ಅದನ್ನು ಯಾವುದೋ ದೂರದ ಊರಿನ ಬಸ್ಸೆಂದು ತಿಳಿದಿದ್ದರು. ಇವತ್ತು ಸೆಖೆ. ಕಂಡಕ್ಟರ್ ಹೊಸ ಮೀಸೆ ಬಿಟ್ಟಿದ್ದಾನೆ. ಅವ್ವ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದಾಳೆ, ತರುತ್ತೇನೆ. ಸಂಜೆ ಹೋದರೆ ಮೇಡಂ ಮಧ್ಯಾಹ್ನದ ನನ್ನ ತಪ್ಪುಗಳನ್ನೆಲ್ಲ ಸ್ಲೇಟಿನ ಮೇಲೆ ಬರೆದಿಟ್ಟಿರುತ್ತಿದ್ದರು. ಒಂದು ತಪ್ಪು ಮಾತ್ರ ನಾಲ್ಕು ವರ್ಷವೂ ತಿದ್ದಲಾಗಲಿಲ್ಲ. ಅವರನ್ನು ‘ತೂ’ ಎನ್ನಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಪ್ರತಿ ವಾಕ್ಯದಲ್ಲೂ ‘ಮೇಡಂ’ ತುರುಕುತ್ತಿದ್ದೆ. "ಆ ಭಾಷೆಯಲ್ಲಿ ಮೇಡಂ ಅನ್ನೋಳು ಯಾರೂ ಇಲ್ಲವೋ. ನನ್ನನ್ನ ತೂ ಅನ್ನುತ್ತಿದ್ದವರು ಒಬ್ಬರೇ, ಅವರು ಹೋಗಿ ಎಷ್ಟು ವರ್ಷವಾಯ್ತು. ಅನ್ನು ಒಂದ್ಸಲ" ಎನ್ನುತ್ತಿದ್ದರು. "ನಾಳೆ" ಎನ್ನುತ್ತಿದ್ದೆ.

ಹೋದ ಕಾರ್ತಿಕದ ಒಂದು ಬುಧವಾರ ಧೈರ್ಯ ಮಾಡಿದೆ. ಹನ್ನೆರಡೂ ಮುಕ್ಕಾಲರ ಬಸ್ ಕೂಗಿ, ಒಮ್ಮೆ ಉಸಿರೆಳೆದುಕೊಂಡು, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಶುರುಮಾಡಿದೆ: "ಹೊದಿಏ ತೂ…" ಇವತ್ತು ನೀನು… ಮುಂದಿನ ಪದಕ್ಕೆ ಬಾಯಿ ತೆರೆದೆ. ತುಟಿ ಅಲ್ಲಾಡಿತು. ಉಸಿರು ಮೈಕಿಗೆ ತಾಗಿ ಸುಯ್ ಎಂದಿತು.

"ಏನ್ರೀ, ಮೈಕ್ ಕೆಟ್ಟೋಯ್ತಾ?" ಎಂದು ಕೆಳಗಿನಿಂದ ಯಾರೋ ಕೂಗಿದರು.

ಕೆಟ್ಟಿರಲಿಲ್ಲ. ಒಂದು ಗಂಟೆಯ ಬಸ್ಸನ್ನು ಕನ್ನಡದಲ್ಲಿ ಕೂಗಿದೆ, ಸ್ಪಷ್ಟವಾಗಿ, ನನ್ನದೇ ಧ್ವನಿಯಲ್ಲಿ. ಮೈಕ್ ಆರಿಸಿದೆ. ಆಮೇಲೆ ಮೆಟ್ಟಿಲಿಳಿದು ಹಿಂದಿನ ಓಣಿಗೆ ನಿಧಾನವಾಗಿ ನಡೆದುಕೊಂಡು ಹೋದೆ.

ಅಡುಗೆಮನೆಯ ಕಿಟಕಿ ತೆರೆದಿತ್ತು. ಸ್ಲೇಟು ಅವರ ಮಡಿಲಲ್ಲಿತ್ತು, ಬಳಪ ಬೆರಳ ನಡುವೆ. ಸ್ಲೇಟಿನಲ್ಲಿ ಒಂದು ತಪ್ಪೂ ಬರೆದಿರಲಿಲ್ಲ. ಆ ಎರಡು ಪದ ಅವರಿಗೆ ಮುಟ್ಟಿತೋ, ಎರಡನೆಯದು ದಾರಿಯಲ್ಲೇ ಉಳಿಯಿತೋ, ನನಗೆ ಹೇಳುವವರಿಲ್ಲ.

ಈಗ ಸ್ಟ್ಯಾಂಡಿನಲ್ಲಿ ಬಸ್ಸಿನ ಹೊತ್ತು ಬರೆಯುವ ಕಪ್ಪು ಹಲಗೆಯ ಎಡಮೂಲೆಯಲ್ಲಿ ದಿನಾ ಬೆಳಗ್ಗೆ ನಾನು ಆ ಎರಡು ಪದ ಬರೆಯುತ್ತೇನೆ. ಪಕ್ಕದಲ್ಲಿ ಒಂದು ಚಾಕ್‌ಪೀಸ್ ಇಟ್ಟಿರುತ್ತೇನೆ. ಅವ್ವ ಆಗೀಗ ಬಂದು ಅದರ ಮುಂದೆ ನಿಂತು ಹೋಗುತ್ತಾಳೆ. ಹೊಸಬರು ಯಾರಾದರೂ ತಲೆಯೆತ್ತಿ ಓದಲು ಹೋಗಿ, ಸದ್ದು ಬಾರದೆ ಬೆರಳು ಮಾಡಿ ತೋರಿಸಿ, "ಈ ಬಸ್ಸು ಎಷ್ಟೊತ್ತಿಗೆ ಹೊರಡುತ್ತೆ ಸಾರ್?" ಎಂದು ಕೇಳುತ್ತಾರೆ.

"ಇನ್ನೊಬ್ಬರು ಬಂದರೆ ಹೊರಡುತ್ತೆ" ಎನ್ನುತ್ತೇನೆ.